ಒಂದೇ ರೂಪಾಂತರಕ್ಕೆ ಎರಡು ವಿಳಾಸ ಏಕೆ?

ಪ್ರಶ್ನೆ: ಡಿಎನ್‌ಎ ರೂಪಾಂತರಗಳನ್ನು ಸಂಗ್ರಹಿಸಿ ಹೋಲಿಸುವ ಚಿಕ್ಕ ತಂತ್ರಾಂಶವೊಂದನ್ನು ಬರೆಯುತ್ತಿದ್ದೇನೆ. ಪ್ರಯೋಗಾಲಯದ ವರದಿಯಲ್ಲಿರುವ ಒಂದು ಅಳಿಕೆ (ಕೆಲವು ಅಕ್ಷರಗಳು ಕಳೆದುಹೋಗಿರುವುದು) ರೂಪಾಂತರಗಳನ್ನು ಸಾಲುಸಾಲಾಗಿ ಬರೆದಿಡುವ ವಿಸಿಎಫ್ ಕಡತದಲ್ಲಿ ಬೇರೆ ಸ್ಥಾನದಲ್ಲಿ ಕಾಣಿಸುತ್ತಿದೆ. ಯಾವುದು ತಪ್ಪು? ನಾನು ಯಾವ ರೂಪದಲ್ಲಿ ಉಳಿಸಿಕೊಳ್ಳಲಿ?

ಉತ್ತರ: ಎರಡೂ ಸರಿಯಿರುವ ಸಾಧ್ಯತೆಯೇ ಹೆಚ್ಚು. ಜಿಸಿಎಸಿಎಸಿಎಟಿ (GCACACAT) ಎಂಬ ಎಂಟು ಡಿಎನ್‌ಎ ಅಕ್ಷರಗಳ ತುಣುಕನ್ನು ನೋಡಿ. ಇದರಲ್ಲಿ ಒಂದು ‘ಸಿಎ’ ಕಳೆದುಹೋದರೆ ಜಿಸಿಎಸಿಎಟಿ ಉಳಿಯುತ್ತದೆ. ಹೋದದ್ದು ಮೊದಲ ಸಿಎಯೋ ಕೊನೆಯದೋ ಎಂದು ಉಳಿದ ಅಕ್ಷರಗಳನ್ನು ನೋಡಿ ಯಾರೂ ಹೇಳಲಾರರು. ಆದ್ದರಿಂದ ಸಂಪ್ರದಾಯಗಳು ಹುಟ್ಟಿಕೊಂಡವು, ಅವು ವಿರುದ್ಧ ದಿಕ್ಕಿಗೆ ಹೋದವು. ವಿಸಿಎಫ್‌ನಲ್ಲಿ ಅಳಿಕೆಯನ್ನು ಆದಷ್ಟು ಎಡಕ್ಕೆ ಸರಿಸುವುದು ರೂಢಿ. ಹಿಂದಿನ ಒಂದು ಅಕ್ಷರವನ್ನೂ ಜೊತೆಗಿಟ್ಟು ಸ್ಥಾನ 1ರಲ್ಲಿ ‘ಜಿಸಿಎ’ ಹೋಗಿ ‘ಜಿ’ ಆಯಿತು ಎಂದು ಬರೆಯುತ್ತಾರೆ. ವೈದ್ಯಕೀಯ ವರದಿಗಳು ಬಳಸುವ ಎಚ್‌ಜಿವಿಎಸ್ ನಿಯಮ ಆದಷ್ಟು ಬಲಕ್ಕೆ ಸರಿಸುತ್ತದೆ. ಅದರ ಪ್ರಕಾರ ಅಳಿದದ್ದು 6 ಮತ್ತು 7ನೇ ಅಕ್ಷರ. ಈ ಬಲವೂ ವಂಶವಾಹಿಯ ದಿಕ್ಕಿಗೆ ಸಂಬಂಧಿಸಿದ್ದು. ಡಿಎನ್‌ಎಯ ಎರಡು ಎಳೆಗಳಲ್ಲಿ ವಂಶವಾಹಿ ಎದುರು ಎಳೆಯಲ್ಲಿದ್ದರೆ ವರ್ಣತಂತುವಿನ ಲೆಕ್ಕದಲ್ಲಿ ಅದು ಎಡವಾಗುತ್ತದೆ.

ಎಳೆಯ ಗೊಂದಲ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಕುಡಗೋಲು ಕಣ ರಕ್ತಹೀನತೆಯ ರೂಪಾಂತರವೇ ಸಾಕ್ಷಿ. ಎಚ್‌ಬಿಬಿ ವಂಶವಾಹಿಯಲ್ಲಿ ಪ್ರೋಟೀನಿಗೆ ಸಂಕೇತವಾಗುವ ಭಾಗದ 20ನೇ ಅಕ್ಷರ ಎ ಇದ್ದದ್ದು ಟಿ ಆಗುತ್ತದೆ. ಜಿಆರ್‌ಸಿಎಚ್38 ಎಂಬ ಆಕರ ಜೀನೋಮ್‌ನಲ್ಲಿ (ಹೋಲಿಕೆಗೆ ಬಳಸುವ ಮಾನವ ಡಿಎನ್‌ಎಯ ಮಾದರಿ ಪಠ್ಯ) ಅದೇ ಬದಲಾವಣೆ 11ನೇ ವರ್ಣತಂತುವಿನ 5227002ನೇ ಸ್ಥಾನದಲ್ಲಿ ಟಿ ಹೋಗಿ ಎ ಆದಂತೆ ಕಾಣುತ್ತದೆ, ಏಕೆಂದರೆ ಈ ವಂಶವಾಹಿ ಎದುರು ಎಳೆಯಲ್ಲಿದೆ, ಒಂದು ಎಳೆಯ ಎಗೆ ಇನ್ನೊಂದರಲ್ಲಿ ಟಿ ಜೋಡಿ. ಹಳೆಯ ಜಿಆರ್‌ಸಿಎಚ್37ರಲ್ಲಿ ಸ್ಥಾನ 5248232. ಪ್ರೋಟೀನಿನ ಮಟ್ಟದಲ್ಲಿ ಹಳೆಯ ಲೇಖನಗಳು 6ನೇ ಗ್ಲುಟಾಮಿಕ್ ಆಮ್ಲ ಎನ್ನುತ್ತವೆ, ಇಂದಿನ ನಿಯಮ ಆರಂಭದ ಮೆಥಿಯೋನಿನ್ ಅನ್ನೂ ಎಣಿಸಿ 7 ಎನ್ನುತ್ತದೆ. ಇಷ್ಟೆಲ್ಲ ಒಂದೇ ಅಕ್ಷರದ ಬದಲಾವಣೆಗೆ!

ಹಾಗಾಗಿ ವರದಿಯ ಬರಹವನ್ನೇ ಗುರುತಾಗಿ ಉಳಿಸಬೇಡಿ. ಆಕರ ಜೀನೋಮ್‌ನ ಆವೃತ್ತಿ, ವರ್ಣತಂತು, ಸ್ಥಾನ, ಹೋದ ಅಕ್ಷರಗಳು, ಬಂದ ಅಕ್ಷರಗಳು ಇವನ್ನು ಬೇರೆ ಬೇರೆ ಅಂಕಣಗಳಲ್ಲಿ ಇಡಿ. ಆವೃತ್ತಿಯಿಲ್ಲದ ಸ್ಥಾನಕ್ಕೆ ಬೆಲೆಯೇ ಇಲ್ಲ. ಎಣಿಕೆ ಸೊನ್ನೆಯಿಂದಲೋ ಒಂದರಿಂದಲೋ ಎಂಬುದನ್ನೂ ಮೊದಲೇ ನಿರ್ಧರಿಸಿ: ವಿಸಿಎಫ್ ಒಂದರಿಂದ ಎಣಿಸುತ್ತದೆ, ಜೀನೋಮ್‌ನ ಪ್ರದೇಶಗಳನ್ನು ಪಟ್ಟಿಮಾಡುವ ಬೆಡ್ ಕಡತ ಸೊನ್ನೆಯಿಂದ.

ಹೋಲಿಸುವ ಮುನ್ನ ಪ್ರತಿ ದಾಖಲೆಯನ್ನೂ ಒಂದೇ ರೂಪಕ್ಕೆ ತನ್ನಿ. ವಿಸಿಎಫ್ ಕಡತಗಳನ್ನು ಸಂಸ್ಕರಿಸುವ ಬಿಸಿಎಫ್‌ಟೂಲ್ಸ್ ತಂತ್ರಾಂಶದ ‘ನಾರ್ಮ್’ ಆದೇಶ ಎಡಕ್ಕೆ ಸರಿಸುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಒಂದೇ ಸಾಲಿನಲ್ಲಿರುವ ಹಲವು ಪರ್ಯಾಯಗಳನ್ನೂ ಬೇಕೆಂದರೆ ಬಿಡಿಸುತ್ತದೆ. ಎಡ, ಬಲದ ಜಗಳವೇ ಬೇಡವೆಂದರೆ ರೂಪಾಂತರಗಳನ್ನು ಬರೆಯುವ ಎಸ್‌ಪಿಡಿಐ ಎಂಬ ಪದ್ಧತಿ ನನಗೆ ಹೆಚ್ಚು ಇಷ್ಟ. ಅದು ಅಳಿಕೆ ನಡೆದಿರಬಹುದಾದ ಇಡೀ ಪ್ರದೇಶವನ್ನೇ ತೆಗೆದುಕೊಂಡು ‘ಸಿಎಸಿಎಸಿಎ’ ಹೋಗಿ ‘ಸಿಎಸಿಎ’ ಬಂದಿತು ಎಂದು ಬರೆಯುತ್ತದೆ. ಎಲ್ಲಿ ಅಳಿಯಿತೆಂಬ ಸುಳ್ಳು ಖಚಿತತೆ ಅದರಲ್ಲಿಲ್ಲ.

ದಾಖಲೆ ಒಳಗೆ ಬರುವಾಗಲೇ ಅದು ಹೇಳುವ ಮೂಲ ಅಕ್ಷರಗಳು ಆಕರ ಜೀನೋಮ್‌ನ ಅಕ್ಷರಗಳಿಗೆ ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸಿ; ತಾಳೆಯಾಗದಿದ್ದರೆ ನಿರಾಕರಿಸಿ. ಒಂದೇ ಅಕ್ಷರದ ತಾಳೆ ಆಕಸ್ಮಿಕವೂ ಆಗಿರಬಹುದು. ಆದ್ದರಿಂದ ಒಂದು ದಾಖಲೆಯನ್ನಲ್ಲ, ಕಡತದ ಎಲ್ಲ ದಾಖಲೆಗಳನ್ನೂ ನೋಡಿ. ಆವೃತ್ತಿ ತಪ್ಪಿದ್ದರೆ ಹಲವು ಸಾಲುಗಳು ಒಟ್ಟಿಗೇ ಎಡವುತ್ತವೆ.