ದೇವಿಮನೆ ಘಟ್ಟಕ್ಕೆ ಸ್ವಿಫ್ಟ್ ಸಾಕಾ?

ಪ್ರಶ್ನೆ: ಕೆಲಸಕ್ಕಾಗಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ದಿನಾ ಕುಮಟಾಕ್ಕೆ ಹೋಗಿ ಬರಬೇಕು. ಓಡಿಸಲು ಖುಷಿ ಕೊಡುವ, ಜೇಬಿಗೆ ಭಾರವಾಗದ ಸಣ್ಣ ಕಾರು ಬೇಕು. ಹೊಸ ಸ್ವಿಫ್ಟ್ ಹೇಗೆ ಸರ್?
– ಓದುಗರು, ಶಿರಸಿ

ಉತ್ತರ: ನಿಮ್ಮ ದಾರಿಗೆ ನನ್ನ ಮೊದಲ ಆಯ್ಕೆಯೂ ಅದೇ. 2024ರಲ್ಲಿ ಬಂದ ಸ್ವಿಫ್ಟ್‌ನದು 1.2 ಲೀಟರಿನ ಮೂರು ಸಿಲಿಂಡರ್ ಎಂಜಿನ್. ಶಕ್ತಿ ಸುಮಾರು 82 ಪಿಎಸ್, ಟಾರ್ಕ್ ಅಂದರೆ ಎಂಜಿನ್ನಿನ ತಿರುಗಿಸುವ ಬಲ 112 ಎನ್‌ಎಂ. ಅಂಕಿ ದೊಡ್ಡದಲ್ಲ, ಆದರೆ ಕಾರು ಹಗುರ. ತಿರುವಿನಲ್ಲಿ ಚುರುಕಾಗಿ ತಿರುಗುತ್ತದೆ. ದಿನಾ ಘಟ್ಟ ಹತ್ತಿ ಇಳಿಯುವವರಿಗೆ ಇದೇ ನಿಜವಾದ ಖುಷಿ, ಅಲ್ವಾ?

ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಹೆಚ್ಚಿಸುವ ಟರ್ಬೊ ಇದರಲ್ಲಿಲ್ಲ ಅನ್ನುವುದು ನೆನಪಿರಲಿ. ನಾಲ್ಕು ಜನ ಕೂತು, ಡಿಕ್ಕಿಗೆ ಅಡಿಕೆ ಚೀಲ ಹಾಕಿ, ಎಸಿ ಹಚ್ಚಿ ಹತ್ತುವಾಗ ಎರಡನೇ ಗೇರಿಗೆ ಇಳಿಯಲೇಬೇಕು. ಅದು ಬೇಸರ ಅನಿಸಿದರೆ ಹ್ಯುಂಡೈ ಐ20 ಎನ್ ಲೈನ್ ನೋಡಿ. ಅದರ 1 ಲೀಟರ್ ಟರ್ಬೊ 120 ಪಿಎಸ್, 172 ಎನ್‌ಎಂ ಕೊಡುತ್ತದೆ. ಬೆಲೆ ಮಾತ್ರ ಜಾಸ್ತಿ. ದಿನದ ಓಡಾಟಕ್ಕೆ ಅಷ್ಟು ಹಣ ಹಾಕಿ ಅಂತ ನಾನು ಹೇಳಲಾರೆ.

ಮ್ಯಾನುವಲ್ ಗೇರೇ ತೆಗೆದುಕೊಳ್ಳಿ. ತಾನೇ ಗೇರ್ ಹಾಕಿಕೊಳ್ಳುವ ಎಎಂಟಿ ಏರಿನಲ್ಲಿ ಗೇರ್ ಬದಲಿಸುವಾಗ ಸ್ವಲ್ಪ ತಡೆಯುತ್ತದೆ. ಇಳಿಯುವಾಗ ಬ್ರೇಕ್ ಒತ್ತುತ್ತಲೇ ಇರಬೇಡಿ, ಅದು ಬಿಸಿಯಾಗಿಬಿಡುತ್ತದೆ. ಹತ್ತುವ ಗೇರಿನಲ್ಲೇ ಇಳಿಯಿರಿ, ಎಂಜಿನ್ನೇ ವೇಗ ತಡೆಯುತ್ತದೆ.

ಟೆಸ್ಟ್ ಡ್ರೈವ್‌ಗೆ ಶಿರಸಿ ಪೇಟೆ ಸುತ್ತಿದರೆ ಏನೂ ತಿಳಿಯುವುದಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು ಘಟ್ಟದ ಒಂದು ಏರನ್ನಾದರೂ ಹತ್ತಿಸಿ ನೋಡಿ.