ದಿನವೂ ನೋಡುವ ಕಣ್ಣಿಗೆ ಕಾಣದ್ದು
ಒಂದನೇ ತರಗತಿಯಿಂದ ಜೊತೆಗಿದ್ದ ಗೆಳತಿ ಇಷ್ಟೊಂದು ಬದಲಾಗಿದ್ದು ನನಗೇಕೆ ತಿಳಿಯಲಿಲ್ಲ, ನನ್ನ ಸ್ನೇಹದಲ್ಲೇ ಕೊರತೆಯಿತ್ತೇ ಎಂದು ಕೇಳಿದ್ದೀರಿ. ಇಲ್ಲ, ಖಂಡಿತ ಇಲ್ಲ. ಹತ್ತಿರವಿದ್ದಿದ್ದೇ ಕಾರಣ. ಮಗು ಬೆಳೆದದ್ದು ವರ್ಷಕ್ಕೊಮ್ಮೆ ಬರುವ ನೆಂಟರಿಗೆ ಕಾಣುತ್ತದೆ, ದಿನವೂ ಎತ್ತಿಕೊಳ್ಳುವ ತಾಯಿಗಲ್ಲ. ನಾವು ಇಂದಿನ ಮುಖವನ್ನು ನಿನ್ನೆಯದರ ಜೊತೆ ಹೋಲಿಸುತ್ತೇವೆ, ಹತ್ತು ವರ್ಷದ ಹಿಂದಿನದರ ಜೊತೆಯಲ್ಲ.

ಇನ್ನೊಂದು ಮಾತು. ವಿವೇಚನೆ, ಸಂಯಮಗಳನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಸುಮಾರು 25ರ ವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಅಂದರೆ ಅವಳು ಬದಲಾಗುತ್ತಿದ್ದಾಗ ನೀವೂ ಬದಲಾಗುತ್ತಿದ್ದಿರಿ. ಅಳೆಯುವ ಕೋಲೇ ಬೆಳೆಯುತ್ತಿದ್ದರೆ ಅಳತೆ ಸಿಗುವುದೆಲ್ಲಿ? ತಮ್ಮ ಬದಲಾವಣೆಯನ್ನೇ ಜನ ಸರಿಯಾಗಿ ಊಹಿಸಲಾರರು: 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ, 19,000ಕ್ಕೂ ಹೆಚ್ಚು ಮಂದಿಯ ಅಧ್ಯಯನದಲ್ಲಿ, ಎಲ್ಲ ವಯಸ್ಸಿನವರೂ ಹಿಂದೆ ಬಹಳ ಬದಲಾಗಿದ್ದೇವೆ, ಮುಂದೆ ಅಷ್ಟಾಗಿ ಬದಲಾಗುವುದಿಲ್ಲ ಎಂದೇ ಭಾವಿಸಿದ್ದರು.

ನನ್ನ ಗೆಳೆಯನೊಬ್ಬ ಮಾತು ಕಡಿಮೆ ಮಾಡಿದ್ದು ನನಗೆ ತಿಳಿದದ್ದು ಹಳೆಯ ಪತ್ರಗಳನ್ನು ಓದಿದಾಗ. ಅಂದೇ ಅವನಿಗೆ ಕರೆ ಮಾಡಿದೆ. ನೀವೂ ಅವಳನ್ನು ಹೊಸಬಳಂತೆ ಕೇಳಿ: ಈಗ ನಿನಗೇನು ಇಷ್ಟ, ಯಾವುದಕ್ಕೆ ಭಯ? ಉತ್ತರ ಗೊತ್ತು ಎಂದುಕೊಳ್ಳಬೇಡಿ, ಪೂರ್ತಿ ಕೇಳಿಸಿಕೊಳ್ಳಿ.