ಖುಷಿ ಹಾಡು ಕೇಳಿದರೆ ಸಿಟ್ಟು ಬರುತ್ತದೆ, ಯಾಕೆ?

ಪ್ರಶ್ನೆ: ನಾನು ಬೇಜಾರಾಗಿ ಕೂತಾಗ ನಮ್ಮ ಮನೆಯವರು ಜೋರಾಗಿ ಒಂದು ಕುಣಿಯೋ ಹಾಡು ಹಾಕುತ್ತಾರೆ. ‘ಕೇಳು, ಎಲ್ಲಾ ಸರಿಹೋಗುತ್ತೆ’ ಅನ್ನುತ್ತಾರೆ. ನನಗೆ ಕಿರಿಕಿರಿ ಇನ್ನೂ ಜಾಸ್ತಿ ಆಗುತ್ತದೆ. ಎಲ್ಲರಿಗೂ ಖುಷಿ ಕೊಡುವ ಹಾಡು ನನಗೆ ಮಾತ್ರ ಯಾಕೆ ಹೀಗೆ?
– ಓದುಗರು, ಹಾಸನ

ಉತ್ತರ: ನಿಮಗೇನೂ ಆಗಿಲ್ಲ ಬಿಡಿ. ಹಾಡಿನದೂ ತಪ್ಪಿಲ್ಲ. ಹಾಕಿದ ಹೊತ್ತು ಸರಿಯಿಲ್ಲ, ಅಷ್ಟೆ. ಅಳುವ ಮಗುವಿನ ಮುಂದೆ ತಮಟೆ ಬಾರಿಸಿದರೆ ಅದು ನಗುತ್ತದಾ?

ಸಂಗೀತ ಚಿಕಿತ್ಸೆಯಲ್ಲಿ ‘ಐಸೋ ತತ್ವ’ ಅಂತ ಒಂದಿದೆ. ಕೇಳುವವರ ಮನಸ್ಸು ಈಗ ಹೇಗಿದೆಯೋ, ಮೊದಲ ಹಾಡು ಅದಕ್ಕೆ ಹೊಂದಬೇಕು. ಆಮೇಲೆ ಮೆಲ್ಲಗೆ ಲಯ ಏರಿಸಬೇಕು. ಹಾಗಾಗಿ ಮೊದಲು ನಿಮಗಿಷ್ಟದ ಒಂದು ನಿಧಾನದ ಭಾವಗೀತೆ ಕೇಳಿ. ಅಳು ಬಂದರೆ ಅತ್ತುಬಿಡಿ. ಆಮೇಲೆ ‘ಜೊತೆಯಲಿ ಜೊತೆ ಜೊತೆಯಲಿ’ ಥರದ್ದು. ‘ಸಂತೋಷಕ್ಕೆ ಹಾಡು ಸಂತೋಷಕ್ಕೆ’ ಬರಬೇಕಾದದ್ದು ಕೊನೆಗೆ. ಎರಡೂ 1981ರ ‘ಗೀತಾ’ ಸಿನಿಮಾದವು, ಇಳಯರಾಜ ಸಂಗೀತದವು. ಇವತ್ತಿಗೂ ಆರ್ಕೆಸ್ಟ್ರಾದವರು ‘ಸಂತೋಷಕ್ಕೆ’ ಶುರು ಮಾಡಿದರೆ ಕುರ್ಚಿಯಲ್ಲಿ ಕೂತವರ ಕಾಲು ಸುಮ್ನಿರುವುದಿಲ್ಲ. ತಮಾಷೆ ಅಂದರೆ, ಆ ಸಿನಿಮಾದ ಕಥೆ ಮಾತ್ರ ಕಣ್ಣೀರಿನದು!

ಇನ್ನೊಂದು ಮಾತು. ಹಾಡು ಆರಿಸಬೇಕಾದವರು ನೀವೇ, ನಿಮ್ಮ ಮನೆಯವರಲ್ಲ. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಸಂಗೀತ ಕೇಳುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಮೈ ಜುಮ್ಮೆನ್ನುವ ಜಾಗ ಬಂದಾಗ ಡೋಪಮೈನ್ ಎಂಬ, ಖುಷಿಗೆ ನಂಟಿರುವ ಮೆದುಳಿನ ರಾಸಾಯನಿಕ ಬಿಡುಗಡೆ ಆಗುತ್ತಿತ್ತು. ಆ ಜಾಗ ಇನ್ನೇನು ಬರುತ್ತದೆ ಎಂದು ಕಾಯುವಾಗಲೂ ಆಗುತ್ತಿತ್ತು. ಹಾಗೆ ಕಾಯಬೇಕಾದರೆ ಹಾಡು ಮೊದಲೇ ಗೊತ್ತಿರಬೇಕು ಅಲ್ವಾ? ಆ ಪ್ರಯೋಗಕ್ಕೆ ಬಂದವರೂ ತಮ್ಮ ಮೆಚ್ಚಿನ ಸಂಗೀತವನ್ನೇ ತಂದಿದ್ದರು. ಅದಕ್ಕೇ ‘ಮೂಡ್ ಸರಿಮಾಡುವ 10 ಹಾಡುಗಳು’ ಎಂಬ ಪಟ್ಟಿಗಳ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ.

ಬೇಜಾರು ಎರಡು ವಾರ ಕಳೆದರೂ ಹೋಗದಿದ್ದರೆ, ನಿದ್ದೆ, ಊಟ ಕೆಟ್ಟಿದ್ದರೆ, ಅದು ಹಾಡಿನ ಕೆಲಸವಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಬೆಳಿಗ್ಗೆ ವಾಕಿಂಗ್‌ಗೆ ಎಂಥ ಹಾಡು ಒಳ್ಳೆಯದು?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಹೆಜ್ಜೆಗೆ ಹೊಂದುವಂಥದ್ದು. ಹಾಡಿಗೆ ತಾನಾಗಿ ಬೀಳುವ ಚಪ್ಪಾಳೆಯನ್ನು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 110–120 ಬಂದರೆ ಚುರುಕು ನಡಿಗೆಗೆ ಸರಿಹೊಂದುತ್ತದೆ. ಫ್ಯಾರೆಲ್ ವಿಲಿಯಮ್ಸ್ ಅವರ ‘ಹ್ಯಾಪಿ’ ಹಾಡಿನ ವೇಗ 160ರ ಹತ್ತಿರ. ಅದರ ಜೊತೆ ಹೆಜ್ಜೆ ಹಾಕಲು ಹೋದರೆ ಓಡಬೇಕಾಗುತ್ತದೆ. ರಸ್ತೆ ಬದಿ ನಡೆಯುವುದಾದರೆ ಒಂದು ಕಿವಿ ಖಾಲಿ ಇರಲಿ.

ಪ್ರಶ್ನೆ: ತುಂಬಾ ಇಷ್ಟದ ಹಾಡನ್ನೇ ಅಲಾರಂಗೆ ಇಟ್ಟೆ. ಈಗ ಅದನ್ನು ಎಲ್ಲಿ ಕೇಳಿದರೂ ಆಗುವುದಿಲ್ಲ!
– ಓದುಗರು, ಬೆಂಗಳೂರು

ಉತ್ತರ: ದಿನಾ ನಿದ್ದೆ ಕೆಡಿಸುವುದರ ಜೊತೆ ಆ ಹಾಡು ಅಂಟಿಕೊಂಡಿದೆ. ಇವತ್ತೇ ತೆಗೆದುಬಿಡಿ. ಅಲಾರಂಗೆ ಫೋನಿನ ಜೊತೆ ಬಂದ ಟ್ಯೂನೇ ಸಾಕು. ಅದನ್ನು ದ್ವೇಷಿಸಿದರೆ ಯಾರಿಗೂ ನಷ್ಟವಿಲ್ಲ. ಕೆಲವು ತಿಂಗಳು ಆ ಹಾಡಿನ ತಂಟೆಗೆ ಹೋಗಬೇಡಿ. ಆಮೇಲೆ ಸ್ನೇಹಿತರ ಜೊತೆ ಎಲ್ಲಾದರೂ ಹೋಗುವಾಗ ಕಾರಿನಲ್ಲಿ ಹಾಕಿ ನೋಡಿ.